ಶ್ರೀಮತಿಯ ಚಿತ್ರಪಟ, ಮಗುವಿನ ಬಣ್ಣ
ಅಗಲಿದವರ ಸ್ಮರಣೆಯನ್ನು ಕುರಿತು ಒಂದು ವಿಮರ್ಶೆ

ಮನೆಯಲ್ಲಿ ಹಿರಿಯರೊಬ್ಬರು ತೀರಿಕೊಂಡಾಗ ದೊಡ್ಡವರ ದುಃಖಕ್ಕೆ ಮಾತಿನ ದಾರಿಯಿದೆ. ನೆಂಟರು ಬರುತ್ತಾರೆ, ಗುಣಗಾನ ಮಾಡುತ್ತಾರೆ, ಬಸದಿಯಲ್ಲಿ ಪೂಜೆ ನಡೆಯುತ್ತದೆ. ನಾಲ್ಕೈದು ವರ್ಷದ ಮಗುವಿಗೆ ಮಾತ್ರ ಆ ದಾರಿ ಇನ್ನೂ ತೆರೆದಿರುವುದಿಲ್ಲ. ಅದು ಕಂಬದ ಮರೆಯಲ್ಲಿ ನಿಂತು ನೋಡುತ್ತದೆ, ಎಲ್ಲರೂ ಹೊರಟುಹೋದ ಮೇಲೆ, ಯಾರೂ ನಿರೀಕ್ಷಿಸದ ಹೊತ್ತಿನಲ್ಲಿ, "ಅಜ್ಜಿ ಎಲ್ಲಿ?" ಎಂದು ಕೇಳುತ್ತದೆ. ಇಂಥ ಮಗುವಿನ ಕೈಗೆ ಕಾಗದ, ಬಣ್ಣ, ಕುಂಚಗಳನ್ನು ಕೊಟ್ಟು, ಹಿರಿಯರೂ ಜೊತೆಗೆ ಕುಳಿತು, ಅಗಲಿದವರ ನೆನಪಿಗಾಗಿ ಚಿತ್ರ ಬರೆಯುವುದು ಒಳ್ಳೆಯದೆಂದು ಶಿಶುಶಿಕ್ಷಣವನ್ನು ಬಲ್ಲವರು ಹೇಳುವುದುಂಟು. ಕೆಲವು ಮನೆಗಳಲ್ಲಿ ಯಾರೂ ಹೇಳಿಕೊಡದೆಯೇ ಇದು ನಡೆದುಬರುತ್ತದೆ.

ಕನಕಪುರದಿಂದ ಮಳವಳ್ಳಿಗೆ ಹೋಗುವ ದಾರಿಯಲ್ಲಿರುವ ಹಲಗೂರಿನಂತಹ ಊರಿನ ಒಂದು ಶ್ರಾವಕ ಮನೆಯನ್ನು ಕಲ್ಪಿಸಿಕೊಳ್ಳಬಹುದು. ನೆರೆಯಲ್ಲಿ ಸಹಧರ್ಮಿಗಳ ಮನೆಗಳು ಹೆಚ್ಚಿಲ್ಲ, ದೊಡ್ಡ ಕ್ಷೇತ್ರಗಳು ದೂರ. ಮಗುವಿಗೆ ಧರ್ಮವೆಂದರೆ ಬಹುಮಟ್ಟಿಗೆ ಅಜ್ಜಿಯೇ. ಆಕೆ ಕೊಡಕ್ಕೆ ಬಟ್ಟೆ ಕಟ್ಟಿ ನೀರು ಸೋಸುತ್ತಿದ್ದುದು, ಹೊತ್ತು ಮುಳುಗುವ ಮುನ್ನ ಊಟ ಮುಗಿಸುತ್ತಿದ್ದುದು, ಮಲಗುವಾಗ ಪಂಚನಮಸ್ಕಾರವನ್ನು ಹೇಳಿಸುತ್ತಿದ್ದುದು, ಇವೇ ಆ ಮಗುವಿನ ಮೊದಲ ಪಾಠಶಾಲೆ. ಅಜ್ಜಿ ಇಲ್ಲವಾದಾಗ ಮಗು ಒಂದು ಮಡಿಲನ್ನಷ್ಟೇ ಅಲ್ಲ, ಒಂದು ಪಾಠಶಾಲೆಯನ್ನೂ ಕಳೆದುಕೊಳ್ಳುತ್ತದೆ. ಆದಕಾರಣ ಆ ಮನೆಯವರು ಮಗುವಿನ ಜೊತೆ ಕುಳಿತು ಬರೆಯುವ ಚಿತ್ರವು ಕೇವಲ ವಿನೋದವಲ್ಲ. ಅದು ಯಾವ ಬಗೆಯ ಸ್ಮರಣೆ, ಧರ್ಮಕ್ಕೆ ಒಪ್ಪುವಂಥದೋ ಅಲ್ಲವೋ ಎಂಬುದು ವಿಚಾರಕ್ಕೆ ಅರ್ಹವಾದ ಪ್ರಶ್ನೆ.

ಪ್ರಶ್ನೆ ಸುಲಭದ್ದಲ್ಲ. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯವು ಆರ್ತಧ್ಯಾನದ ನಾಲ್ಕು ಬಗೆಗಳನ್ನು ಹೇಳುವಾಗ ಇಷ್ಟವಿಯೋಗವನ್ನು, ಎಂದರೆ ಪ್ರಿಯವಾದುದು ಅಗಲಿದಾಗ ಅದು ಮತ್ತೆ ದೊರೆಯಲೆಂದು ಮನಸ್ಸು ಪದೇ ಪದೇ ಹಂಬಲಿಸುವುದನ್ನು, ಅವುಗಳಲ್ಲಿ ಒಂದೆಂದು ಎಣಿಸುತ್ತದೆ. ಅಗಲಿದ ಅಜ್ಜಿಯ ರೂಪವನ್ನು ಮಗುವಿನಿಂದ ಮತ್ತೆ ಮತ್ತೆ ಬರೆಸುವುದು ಈ ಹಂಬಲಕ್ಕೆ ನೀರೆರೆದಂತೆ ಆಗುವುದಿಲ್ಲವೇ? ಇನ್ನೊಂದೆಡೆ, ಸ್ಮರಣೆಯನ್ನೇ ಬೇಡವೆಂದರೆ ಪುರಾಣಗಳ ಭವಾವಳಿಗಳಿಗೆ ಅರ್ಥವೇನು? ಜಾತಿಸ್ಮರಣೆಯಿಂದ ಧರ್ಮಕ್ಕೆ ತಿರುಗಿದ ಜೀವಗಳ ಕಥೆಗಳೇ ಅಲ್ಲವೇ ಅವು? ಈ ತೊಡಕನ್ನು ಬಿಡಿಸಲು ಕನ್ನಡದ ಆದಿಕವಿಯ ಕಾವ್ಯದಲ್ಲಿಯೇ ಒಂದು ಚಿತ್ರವಿದೆ.

ಶ್ರೀಮತಿಯ ಪಟ

ಪಂಪನು ಕ್ರಿ.ಶ. 941ರಲ್ಲಿ ಮುಗಿಸಿದ ಆದಿಪುರಾಣವು ಜಿನಸೇನಾಚಾರ್ಯರ ಸಂಸ್ಕೃತ ಪುರಾಣವನ್ನು ಅನುಸರಿಸಿದ್ದು. ಆದಿನಾಥನ ಹಿಂದಿನ ಭವಗಳಲ್ಲಿ ಲಲಿತಾಂಗದೇವ ಮತ್ತು ಸ್ವಯಂಪ್ರಭೆಯರ ಕಥೆ ಬರುತ್ತದೆ. ಆಯುಷ್ಯ ತೀರಿ ಲಲಿತಾಂಗನು ಸ್ವರ್ಗದಿಂದ ಜಾರುತ್ತಾನೆ. ಒಬ್ಬಳೇ ಉಳಿದ ಸ್ವಯಂಪ್ರಭೆ ಮೊದಲು ದುಃಖದಲ್ಲಿ ಬೇಯುತ್ತಾಳೆ. ಬಳಿಕ ಉಳಿದ ಆರು ತಿಂಗಳನ್ನು ಜಿನಪೂಜೆಯಲ್ಲಿ ಕಳೆದು ತಾನೂ ಅಲ್ಲಿಂದ ತೆರಳುತ್ತಾಳೆ. ಮರುಭವದಲ್ಲಿ ಅವಳೇ ಪುಂಡರೀಕಿಣಿಯ ರಾಜಪುತ್ರಿ ಶ್ರೀಮತಿ. ಕೇವಲಜ್ಞಾನದ ಪೂಜೆಗೆಂದು ಆಗಸದಲ್ಲಿ ಹೋಗುತ್ತಿದ್ದ ದೇವತೆಗಳನ್ನು ಕಂಡ ಕ್ಷಣದಲ್ಲಿ ಅವಳಿಗೆ ಹಿಂದಿನ ಭವ ನೆನಪಾಗುತ್ತದೆ. ಆಗ ಅವಳು ಆ ನೆನಪನ್ನು ಒಂದು ಪಟದಲ್ಲಿ ಬರೆಯುತ್ತಾಳೆ. ದಾದಿಯಾದ ಪಂಡಿತೆ ಅದನ್ನು ಜಿನಾಲಯಕ್ಕೆ ಕೊಂಡೊಯ್ದು ಬಂದವರೆಲ್ಲರ ಕಣ್ಣಿಗೆ ಬೀಳುವಂತೆ ಹರಡುತ್ತಾಳೆ. ಸುಳ್ಳು ಹೇಳಿ ಅವಳನ್ನು ಪಡೆಯಬಂದವರು ಪಟದ ಗೂಢವನ್ನು ಬಿಡಿಸಲಾರದೆ ಸೋಲುತ್ತಾರೆ. ಲಲಿತಾಂಗನ ಜೀವವೇ ಆಗಿದ್ದ ವಜ್ರಜಂಘನು ಅದನ್ನು ನೋಡಿ ಎಲ್ಲವನ್ನೂ ನೆನೆಯುತ್ತಾನೆ.

ಅಗಲಿದ ಪ್ರಿಯರ ನೆನಪಿಗಾಗಿ ಬರೆದ ಚಿತ್ರಕ್ಕೆ ಕನ್ನಡ ಕಾವ್ಯದಲ್ಲಿ ಇದಕ್ಕಿಂತ ಹಿರಿಯ ನಿದರ್ಶನ ಬೇಕಿಲ್ಲ. ಆ ಪಟದ ಗುಣ ಎರಡು. ಒಂದು, ಅದರ ಸತ್ಯ. ಕಂಡದ್ದನ್ನು ಕಂಡಂತೆ ಬರೆದುದರಿಂದಲೇ ಸುಳ್ಳುಗಾರರು ಅದರೆದುರು ನಿಲ್ಲಲಾಗಲಿಲ್ಲ. ಎರಡು, ಅದನ್ನು ಹರಡಿದ ಸ್ಥಳ. ಮೋಹದ ಚಿತ್ರವೇ ಆದರೂ ಅದು ತೆರೆದದ್ದು ಜಿನನ ಸನ್ನಿಧಿಯಲ್ಲಿ.

ಆದರೆ ದೋಷವನ್ನೂ ಹೇಳಬೇಕು. ಆ ಪಟದ ಗುರಿ ಪುನರ್ಮಿಲನ. ಹೋದವನು ಮರಳಿ ದೊರೆಯಬೇಕೆಂಬುದೇ ಅದರ ಹಿಂದಿನ ಬಯಕೆ. ಕಾವ್ಯದಲ್ಲಿ ಆ ಬಯಕೆ ಈಡೇರುತ್ತದೆ. ಈಡೇರಿದ ಬಯಕೆ ಎಲ್ಲಿಗೆ ಮುಟ್ಟಿತೆಂಬುದನ್ನು ಪಂಪನು ಮರೆಮಾಚಿಲ್ಲ: ಶಯ್ಯಾಗೃಹದ ಗವಾಕ್ಷಗಳು ಮುಚ್ಚಿದ್ದ ಒಂದು ರಾತ್ರಿ ಸುಗಂಧದ ಧೂಪದ ಹೊಗೆಯೇ ಆ ದಂಪತಿಗಳ ಉಸಿರನ್ನು ಕಟ್ಟಿತು. ಯಾವ ಭೋಗಕ್ಕಾಗಿ ಚಿತ್ರವನ್ನು ಬರೆಯಲಾಯಿತೋ ಆ ಭೋಗದ ಸಾಧನವೇ ಮೃತ್ಯುವಾಯಿತು. ಅಪ್ಪಿಕೊಂಡ ತೋಳು ಅಪ್ಪಿದಂತೆಯೇ ಇತ್ತು. ಜೀವ ಮಾತ್ರ ಇರಲಿಲ್ಲ. ಕವಿಯ ಮನಸ್ಸು ಪ್ರೇಮದ ಪರವಾಗಿದ್ದರೂ ಅವನ ಕಥೆಯ ನಡೆ ವೈರಾಗ್ಯದ ಪರವಾಗಿದೆ.

ಎಳೆಯ ಮಗುವಿನ ಸಂದರ್ಭದಲ್ಲಿ ಇದು ಇನ್ನಷ್ಟು ಮುಖ್ಯವಾಗುತ್ತದೆ. ಸಾವೆಂದರೆ ಮರಳಿ ಬಾರದ ಅಗಲಿಕೆ ಎಂಬ ತಿಳಿವಳಿಕೆ ಐದು ವರ್ಷಕ್ಕಿಂತ ಕಿರಿಯ ಮಕ್ಕಳಲ್ಲಿ ಸಾಮಾನ್ಯವಾಗಿ ಬಲಿತಿರುವುದಿಲ್ಲ. ಚಿತ್ರ ಬರೆದರೆ ಅಜ್ಜಿ ಬರುತ್ತಾಳೆಂದು ಮಗು ನಂಬಬಹುದು. "ಚೆನ್ನಾಗಿ ಬರೆ, ಅಜ್ಜಿ ನೋಡುತ್ತಿರುತ್ತಾಳೆ" ಎಂದು ಹಿರಿಯರು ಪ್ರೀತಿಯಿಂದ ಆಡುವ ಮಾತು ಆ ನಂಬಿಕೆಯನ್ನು ಬಲಪಡಿಸುತ್ತದೆ. ಶ್ರೀಮತಿಯ ಹಂಬಲವು ಹೀಗೆ ಅರಿವಿಲ್ಲದೆ ಮಗುವಿನ ಎದೆಗೆ ಇಳಿಯುತ್ತದೆ. ಶ್ರೀಮತಿಗೆ ದೊರೆತ ಉತ್ತರ ಮಾತ್ರ ಮಗುವಿಗೆ ದೊರೆಯುವುದಿಲ್ಲ.

ನೀಲಾಂಜನೆಯ ಪ್ರತಿರೂಪ

ಅದೇ ಪುರಾಣದಲ್ಲಿ ಇನ್ನೊಂದು ಬಗೆಯ ರೂಪವೂ ಉಂಟು. ಆದಿದೇವನ ಆಸ್ಥಾನದಲ್ಲಿ ನರ್ತಿಸುತ್ತಿದ್ದ ನೀಲಾಂಜನೆಯ ಆಯುಷ್ಯ ನಾಟ್ಯದ ನಡುವೆಯೇ ಮುಗಿಯುತ್ತದೆ. ರಸಭಂಗವಾಗದಿರಲೆಂದು ಇಂದ್ರನು ಅರೆಕ್ಷಣದಲ್ಲಿ ಅವಳಂತೆಯೇ ಇರುವ ಮತ್ತೊಂದು ರೂಪವನ್ನು ಅಲ್ಲಿ ನಿಲ್ಲಿಸುತ್ತಾನೆ. ಸಭೆಯಲ್ಲಿದ್ದವರು ಯಾರೂ ಅರಿಯಲಿಲ್ಲ, ಆದಿದೇವನೊಬ್ಬನೇ ಅರಿತನು. ಅರಿತದ್ದೇ ಅವನ ವೈರಾಗ್ಯಕ್ಕೆ ಕಾರಣವಾಯಿತು.

ಶ್ರೀಮತಿಯ ಪಟವು ಹೋದವರನ್ನು ನೆನಪಿಸುವ ರೂಪ. ಇಂದ್ರನು ನಿಲ್ಲಿಸಿದ್ದು ಹೋದದ್ದನ್ನೇ ಮರೆಸುವ ರೂಪ. ಮಕ್ಕಳಿಗೆ ದೊಡ್ಡವರು ಕೊಡುವ ಉತ್ತರಗಳಲ್ಲಿ ಹೆಚ್ಚಿನವು ಎರಡನೆಯ ಜಾತಿಗೆ ಸೇರಿದವು. "ಅಜ್ಜಿ ಊರಿಗೆ ಹೋಗಿದ್ದಾಳೆ", "ಮಲಗಿದ್ದಾಳೆ", "ಚುಕ್ಕಿಯಾಗಿದ್ದಾಳೆ" ಎಂಬ ಮಾತುಗಳು ರಸಭಂಗವಾಗದಿರಲೆಂದು ಇಂದ್ರನು ಹೂಡಿದ ಉಪಾಯದಂಥವೇ. ಊರಿಗೆ ಹೋದವಳು ಏಕೆ ಮರಳಲಿಲ್ಲವೆಂದು ಮಗು ನೋಯುತ್ತದೆ. ಮಲಗಿದವಳು ಏಳಲಿಲ್ಲವೆಂದು ಕೇಳಿದ ಮಗು ತಾನು ಮಲಗಲು ಅಂಜುತ್ತದೆ. ಸತ್ಯಾಣುವ್ರತವನ್ನು ಹೊತ್ತ ಶ್ರಾವಕನು ವ್ಯಾಪಾರದ ತಕ್ಕಡಿಯಲ್ಲಿ ಆಡದ ಸುಳ್ಳನ್ನು ತೊಟ್ಟಿಲ ಬಳಿ ಆಡಬಹುದೆಂದು ಎಲ್ಲಿಯೂ ಹೇಳಿಲ್ಲ.

ಹಾಗೆಂದು ಮಗುವನ್ನು ಹೆದರಿಸಬೇಕಾಗಿಲ್ಲ. ಶ್ರಾವಕನಿಗೆ ಹೇಳಲು ಸತ್ಯವೂ ಸರಳವೂ ಆದ ಮಾತೊಂದಿದೆ. ಅಜ್ಜಿಯ ದೇಹ ಹಳೆಯದಾಗಿ ಕೆಲಸ ನಿಲ್ಲಿಸಿತು. ಅದು ಮತ್ತೆ ಏಳುವುದಿಲ್ಲ. ಒಳಗಿದ್ದ ಜೀವ ಸಾಯುವಂಥದಲ್ಲ. ಅದು ತನ್ನ ಕರ್ಮಕ್ಕೆ ತಕ್ಕ ಬೇರೆ ಹುಟ್ಟಿಗೆ ಹೋಯಿತು. ಎಲ್ಲಿಗೆಂದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಆಕೆ ಕಲಿಸಿದ್ದು ಮಾತ್ರ ಇಲ್ಲಿಯೇ ಇದೆ. ಇಷ್ಟನ್ನು ನಾಲ್ಕು ವರ್ಷದ ಮಗುವೂ ತನ್ನ ಅಳತೆಗೆ ತಕ್ಕಂತೆ ತೆಗೆದುಕೊಳ್ಳುತ್ತದೆ. ಜೀವವು ದೇಹಾಂತರಕ್ಕೆ ಸಾಗುವಾಗ ಹೆಚ್ಚೆಂದರೆ ಮೂರು ಸಮಯಗಳಷ್ಟು ಮಾತ್ರ ಅನಾಹಾರಕವಾಗಿರುತ್ತದೆಂದು ಸಿದ್ಧಾಂತ ಹೇಳುತ್ತದೆ. ಸಮಯವೆಂಬುದು ಕಾಲದ ಅತಿ ಸೂಕ್ಷ್ಮವಾದ ಅಳತೆ. ಹೋದ ಜೀವವು ಮನೆಯ ಸುತ್ತ ಅಲೆಯುತ್ತಿರುವುದಿಲ್ಲ, ಪಟದಲ್ಲಿ ಬಂದು ಕೂರುವುದೂ ಇಲ್ಲ. ಆದ್ದರಿಂದ ಚಿತ್ರವು ಹೋದವರಿಗಾಗಿ ಅಲ್ಲ, ಅದು ಉಳಿದವರಿಗಾಗಿ. ಈ ಒಂದು ಮಾತು ಸ್ಪಷ್ಟವಾದರೆ ಅರ್ಧ ತೊಡಕು ತೀರಿತು.

ಕಲ್ಲಿನಲ್ಲಿ ಉಳಿದ ನೆನಪು

ಉಳಿದವರು ಏನನ್ನು ಬರೆಯಬೇಕು? ಮಂಡ್ಯ ಜಿಲ್ಲೆಯ ನೆಲದಲ್ಲಿಯೇ ಈ ಪ್ರಶ್ನೆಗೆ ಉತ್ತರಗಳಿವೆ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಕ್ರಿ.ಶ. 949-50ರ ಕಲ್ಲನ್ನು ಇತಿಹಾಸಪ್ರಿಯರು ಬಲ್ಲರು. ತಕ್ಕೋಲದ ಯುದ್ಧದ ಬಳಿಕ ಗಂಗ ಬೂತುಗನ ಅನುಚರನಾದ ಮಣಲೆರನು ಬಹುಮಾನವಾಗಿ ಬೇಡಿ ಪಡೆದದ್ದು ಕಾಳಿಯೆಂಬ ಬೇಟೆನಾಯಿಯನ್ನು. ಆ ನಾಯಿ ಒಂದು ದೊಡ್ಡ ಹಂದಿಯೊಡನೆ ಹೋರಾಡಿತು, ಎರಡೂ ಸತ್ತವು. ಅದರ ನೆನಪಿಗೆ ಕಲ್ಲು ನಿಂತಿತು, ಭೂಮಿ ದತ್ತಿಯಾಯಿತು, ಕಲ್ಲನ್ನು ಪೂಜಿಸುವ ಕಟ್ಟಳೆಯೂ ಹುಟ್ಟಿತು. ಸಾವಿರ ವರ್ಷ ಕಳೆದರೂ ಆ ಕಲ್ಲಿನ ಮೇಲೆ ನಾಯಿ ಮತ್ತು ಹಂದಿ ಸೆಣಸುತ್ತಲೇ ಇವೆ.

ಮಣಲೆರನ ಪ್ರೀತಿ ಸುಳ್ಳಲ್ಲ. ಮೂಕಪ್ರಾಣಿಯೊಂದಕ್ಕಾಗಿ ಇಷ್ಟು ನೊಂದ ಹೃದಯವನ್ನು ಯಾರೂ ಹೀಗಳೆಯಲಾರರು. ಆದರೆ ಕಲ್ಲು ಆ ಪ್ರೀತಿಯನ್ನು ಉಳಿಸಲಿಲ್ಲ; ಕೊಲ್ಲುವ ಕ್ಷಣವನ್ನು ಉಳಿಸಿತು. ಸ್ಮಾರಕದ ವಿಷಯದಲ್ಲಿ ಇದು ದೊಡ್ಡ ಎಚ್ಚರಿಕೆ. ಚಿತ್ರಕ್ಕೆ ಆರಿಸಿದ ಸಂಗತಿಯೇ ಮುಂದಿನವರ ನೆನಪಾಗುತ್ತದೆ. ಆರಿಸದೆ ಬಿಟ್ಟದ್ದು ಅಳಿದುಹೋಗುತ್ತದೆ.

ಇದರ ಪಕ್ಕದಲ್ಲಿ ನಿಸಿದಿಗಲ್ಲನ್ನು ಇಟ್ಟು ನೋಡಬೇಕು. ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿಯೂ ನಾಡಿನ ಅನೇಕ ಬಸದಿಗಳ ಅಂಗಳದಲ್ಲಿಯೂ ನಿಂತಿರುವ ಈ ಕಲ್ಲುಗಳಲ್ಲಿ ಮುಡಿಪಿದವರ ರೂಪ ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆಯಲ್ಲಿರುತ್ತದೆ: ಗುರುವಿನ ಎದುರು ಕೈಮುಗಿದು ಕುಳಿತ ಭಂಗಿ, ನಡುವೆ ಶಾಸ್ತ್ರವನ್ನಿಟ್ಟ ವ್ಯಾಸಪೀಠ. ಮೇಲಿನ ಪಟ್ಟಿಕೆಯಲ್ಲಿ ಮುಕ್ಕೊಡೆಯ ಅಡಿಯಲ್ಲಿ ಜಿನ. ವ್ಯಕ್ತಿಯ ಮುಖಚಹರೆಗೆ ಅಲ್ಲಿ ಪ್ರಾಧಾನ್ಯವಿಲ್ಲ. ಇಂಥವಳು ಹೇಗಿದ್ದಳೆಂದು ಕಲ್ಲು ತಿಳಿಸುವುದಿಲ್ಲ. ಯಾವುದರತ್ತ ಮುಖ ಮಾಡಿದ್ದಳೆಂದು ತಿಳಿಸುತ್ತದೆ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನು ತಾಯಿ ಪೋಚಿಕಬ್ಬೆಗೂ ಮಡದಿ ಲಕ್ಷ್ಮಿಗೂ ಹನ್ನೆರಡನೆಯ ಶತಮಾನದ ಮೊದಲ ಭಾಗದಲ್ಲಿ ನಿಲ್ಲಿಸಿದ ಸ್ಮಾರಕಗಳು ಈ ಪರಂಪರೆಯವೇ. ಆ ತಾಯಿ ಬದುಕಿದ್ದಾಗಲೇ ಆಕೆಗಾಗಿ ಅವನು ಮಾಡಿಸಿದ್ದು ಕತ್ತಲೆ ಬಸದಿ. ಅವನು ತೀರಿಕೊಂಡಾಗ, 1133ರಲ್ಲಿ, ಮಗ ಬೊಪ್ಪನು ತಂದೆಯ ನೆನಪಿಗೆ ದೋರಸಮುದ್ರದಲ್ಲಿ, ಈಗಿನ ಹಳೇಬೀಡಿನಲ್ಲಿ, ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿದನು. ಗರ್ಭಗೃಹದಲ್ಲಿ ನಿಂತದ್ದು ತಂದೆಯ ಮೂರ್ತಿಯಲ್ಲ, ತೀರ್ಥಂಕರನ ಮೂರ್ತಿ. ಮಗನ ದುಃಖವು ಊರಿನ ಎಲ್ಲರೂ ಕೈಮುಗಿಯಬಹುದಾದ ಒಂದು ಸನ್ನಿಧಿಯಾಗಿ ಮಾರ್ಪಟ್ಟಿತು.

ಮದ್ದೂರು ತಾಲ್ಲೂಕಿನ ಅರೆತಿಪ್ಪೂರಿನ ಬಂಡೆಗುಡ್ಡದ ಮೇಲಿರುವ ಗೊಮ್ಮಟನನ್ನು ನೋಡಿದವರಿಗೂ ಇದೇ ಭಾವ ಮೂಡುತ್ತದೆ. ಅದನ್ನು ಕಡೆದವರ ಮುಖ ಅಲ್ಲಿಲ್ಲ. ಅವರು ಯಾವುದನ್ನು ಪೂಜ್ಯವೆಂದು ಬಗೆದರೋ ಅದು ಮಾತ್ರ ಇದೆ.

ಈ ಅಳತೆಗೋಲಿನಿಂದ ನೋಡಿದರೆ ಇಂದಿನ ಮನೆಗಳ ನಡುಮನೆಯಲ್ಲಿ ಹಾರ ಹಾಕಿ, ವಿದ್ಯುದ್ದೀಪ ಹಚ್ಚಿ ತೂಗುಹಾಕುವ ದೊಡ್ಡ ಭಾವಚಿತ್ರವು ನಿಸಿದಿಗಿಂತ ಆತಕೂರಿನ ಕಲ್ಲಿಗೆ ಹತ್ತಿರವಾಗಿದೆ. ಮುಖವಿದೆ, ಪೂಜೆಯಿದೆ, ಗುಣವು ಎಲ್ಲಿಯೂ ಕಾಣುವುದಿಲ್ಲ. ಬಸದಿಯ ಸಭಾಮಂಟಪದಲ್ಲಿ ಜಿನಬಿಂಬದ ಎದುರಿಗೇ ದಾನಿಗಳ ಭಾವಚಿತ್ರಗಳನ್ನು ಸಾಲಾಗಿ ತೂಗುಹಾಕುವ ರೂಢಿ ಎಲ್ಲಿಯಾದರೂ ಬೆಳೆದಿದ್ದರೆ ಅಲ್ಲಿನ ಆಡಳಿತ ಮಂಡಳಿಗಳು ಬೊಪ್ಪನ ಮಾದರಿಯನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳುವುದು ಒಳಿತು.

ಮಗುವಿನ ಜೊತೆ ಬರೆಯುವ ಚಿತ್ರವು ಭಾವಚಿತ್ರಕ್ಕಿಂತ ಮೇಲಾಗುವುದು ಇಲ್ಲಿಯೇ. ಮಗುವಿಗೆ ಮುಖದ ಹೋಲಿಕೆ ಬರೆಯಲು ಬಾರದು. ಅದು ಬರೆಯುವುದು ದೊಡ್ಡ ಕೈಗಳನ್ನು, ಕೊಡವನ್ನು, ಕೊಡದ ಬಾಯಿಗೆ ಕಟ್ಟಿದ ಬಿಳಿಯ ಬಟ್ಟೆಯನ್ನು, ಮುಳುಗುತ್ತಿರುವ ಸೂರ್ಯನನ್ನು, ಸೂರ್ಯನ ಕೆಳಗೆ ಇಟ್ಟ ತಟ್ಟೆಯನ್ನು. ಅದು ಅರಿವಿಲ್ಲದೆಯೇ ನಿಸಿದಿಯ ಶಿಲ್ಪಿಯ ದಾರಿಯಲ್ಲಿ ನಡೆಯುತ್ತದೆ: ಚಹರೆಯನ್ನು ಬಿಟ್ಟು ಚರ್ಯೆಯನ್ನು ಹಿಡಿಯುತ್ತದೆ. "ಅಜ್ಜಿಯ ಮೂಗು ಹೀಗಿರಲಿಲ್ಲ" ಎಂದು ತಿದ್ದುವ ಹಿರಿಯರು ಆ ಒಳ್ಳೆಯ ದಾರಿಯಿಂದ ಮಗುವನ್ನು ಹೊರಗೆಳೆಯುತ್ತಾರೆ. ಕೇಳಬೇಕಾದ ಪ್ರಶ್ನೆ ಅದಲ್ಲ, "ಅಜ್ಜಿ ಇಲ್ಲಿ ಏನು ಮಾಡುತ್ತಿದ್ದಾಳೆ?" ಎಂಬುದು.

ಬಣ್ಣಗಳ ಧರ್ಮ

ಚಿತ್ರಕಲೆಯು ಶ್ರಾವಕ ಸಂಪ್ರದಾಯಕ್ಕೆ ಹೊರಗಿನದಲ್ಲ. ಆದಿದೇವನು ಬ್ರಾಹ್ಮಿಗೆ ಅಕ್ಷರವನ್ನೂ ಸೌಂದರಿಗೆ ಅಂಕವನ್ನೂ ಕಲಿಸಿದಂತೆ ಮಗನಾದ ಅನಂತವಿಜಯನಿಗೆ ಚಿತ್ರವಿದ್ಯೆಯನ್ನು ಕಲಿಸಿದನೆಂದು ಜಿನಸೇನರು ಹೇಳುತ್ತಾರೆ. ಮೂಡಬಿದಿರೆಯಲ್ಲಿ ಉಳಿದುಬಂದ ಧವಳಾ ತಾಳೆಗರಿಗಳ ಮೇಲೆ ಹನ್ನೆರಡನೆಯ ಶತಮಾನದ ವರ್ಣಚಿತ್ರಗಳಿವೆ. ಶ್ರವಣಬೆಳಗೊಳದ ಮಠದ ಗೋಡೆಗಳ ಮೇಲೆ ಮೈಸೂರು ಶೈಲಿಯ ಭಿತ್ತಿಚಿತ್ರಗಳಿವೆ. ಅಲ್ಲಿ ಸಮವಸರಣವಿದೆ, ಮುಮ್ಮಡಿ ಕೃಷ್ಣರಾಜ ಒಡೆಯರ ದಸರಾ ದರ್ಬಾರು ಇದೆ. ಜೊತೆಗೆ ಒಂದು ಮರವೂ ಆರು ಜನರೂ ಇದ್ದಾರೆ.

ಆ ಮರದ ಚಿತ್ರವು ಷಡ್‌ಲೇಶ್ಯೆಗಳ ದೃಷ್ಟಾಂತ. ಹಣ್ಣು ತುಂಬಿದ ಮರವನ್ನು ಕಂಡು ಆರು ದಾರಿಹೋಕರಲ್ಲಿ ಒಬ್ಬನು ಬುಡವನ್ನೇ ಕಡಿಯಬೇಕೆನ್ನುತ್ತಾನೆ, ಇನ್ನೊಬ್ಬನು ದೊಡ್ಡ ಕೊಂಬೆಯನ್ನು, ಮೂರನೆಯವನು ಸಣ್ಣ ಕೊಂಬೆಯನ್ನು, ನಾಲ್ಕನೆಯವನು ಗೊಂಚಲನ್ನು. ಐದನೆಯವನು ಹಣ್ಣನ್ನು ಮಾತ್ರ ಕಿತ್ತರೆ ಸಾಕೆನ್ನುತ್ತಾನೆ. ಆರನೆಯವನಿಗೆ ನೆಲಕ್ಕೆ ಬಿದ್ದ ಹಣ್ಣೇ ಸಾಕು. ನೇಮಿಚಂದ್ರಾಚಾರ್ಯರ ಗೊಮ್ಮಟಸಾರದಲ್ಲಿಯೂ ಈ ದೃಷ್ಟಾಂತವುಂಟು. ಕೃಷ್ಣ, ನೀಲ, ಕಪೋತ, ಪೀತ, ಪದ್ಮ, ಶುಕ್ಲ ಎಂದು ಪರಿಣಾಮಗಳಿಗೆ ಬಣ್ಣದ ಹೆಸರುಗಳನ್ನೇ ಇಟ್ಟ ಶಾಸ್ತ್ರವು ಮಗುವಿನ ಕೈಗೆ ಬಣ್ಣ ಕೊಡುವ ಮನೆಗೆ ಎಷ್ಟು ಉಪಕಾರಿಯೆಂಬುದನ್ನು ವಿವರಿಸಬೇಕಾಗಿಲ್ಲ.

ವಿಮರ್ಶೆಯ ದೃಷ್ಟಿಯಿಂದ ಆ ಭಿತ್ತಿಚಿತ್ರದ ಗುಣವೆಂದರೆ ಅದು ಕಪ್ಪನ್ನು ಅಡಗಿಸುವುದಿಲ್ಲ. ಕೊಡಲಿ ಹಿಡಿದವನೂ ಬಿದ್ದ ಹಣ್ಣನ್ನು ಆಯುವವನೂ ಒಂದೇ ಮರದ ಸುತ್ತ ಇದ್ದಾರೆ. ದುಃಖದಲ್ಲಿರುವ ಮಗು ಕಾಗದದ ತುಂಬ ಕಪ್ಪು ಬಳಿದರೆ ಹಿರಿಯರು ಗಾಬರಿಯಾಗಿ ಕಾಗದವನ್ನು ಕಸಿದುಕೊಳ್ಳಬಾರದು. ಮಗುವಿನ ಬಣ್ಣವನ್ನು ನೋಡಿ ಅದರ ಲೇಶ್ಯೆ ಇಂಥದೆಂದು ನಿರ್ಣಯಿಸುವುದೂ ಸಲ್ಲದು. ಲೇಶ್ಯೆಯು ಪರಿಣಾಮದ ಹೆಸರೇ ಹೊರತು ಬಣ್ಣದ ಡಬ್ಬಿಯ ಹೆಸರಲ್ಲ. ಕಪ್ಪು ಮುಗಿದ ಮೇಲೆ "ಇನ್ನು ಅಜ್ಜಿಯ ಬಟ್ಟೆಗೆ ಯಾವ ಬಣ್ಣ?" ಎಂದು ಮೆಲ್ಲನೆ ಕೇಳಿದರೆ ಸಾಕು. ಕೃಷ್ಣದಿಂದ ಶುಕ್ಲದವರೆಗಿನ ದಾರಿ ಒಂದೇ ದಿನದಲ್ಲಿ ಮುಗಿಯುವಂಥದಲ್ಲ.

ಸಾಮಗ್ರಿಯ ವಿಚಾರವನ್ನೂ ಬಿಡುವಂತಿಲ್ಲ. ಅಹಿಂಸೆಯನ್ನು ಕಲಿಸಿದ ಅಜ್ಜಿಯ ನೆನಪಿಗೆ ಹಿಂಸೆಯ ಸಾಧನವನ್ನು ಹಿಡಿಯುವುದು ಅಸಂಗತ. ಕುಂಚಗಳಲ್ಲಿ ಅನೇಕವು ಹಂದಿಯ ಬಿರುಗೂದಲಿನಿಂದಲೋ ಅಳಿಲಿನ ರೋಮದಿಂದಲೋ ಆದವು. ಕೆಲವು ಕಪ್ಪು ಬಣ್ಣಗಳು ಸುಟ್ಟ ಮೂಳೆಯಿಂದ, ಕೆಲವು ಕೆಂಪು ಬಣ್ಣಗಳು ಕೀಟಗಳಿಂದ ಬರುತ್ತವೆ. ಅರಗಿನ ಕೆಂಪೂ ಕೀಟಮೂಲದ್ದೇ. ಇವುಗಳಿಗೆ ಬದಲು ಬಟ್ಟೆಯ ತುಂಡನ್ನೋ ಹತ್ತಿಯ ಬತ್ತಿಯನ್ನೋ ನೈಲಾನ್ ಕುಂಚವನ್ನೋ ಬಳಸಬಹುದು. ಅರಿಶಿನ, ಕೆಮ್ಮಣ್ಣು, ಇದ್ದಿಲು, ಸುಣ್ಣ ಎಲ್ಲ ಊರಿನಲ್ಲಿಯೂ ದೊರೆಯುತ್ತವೆ. ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಬಿದ್ದಾಗ ಹಳದಿಯು ಕೆಂಪಾಗುವುದನ್ನು ಕಂಡ ಮಗು ಅತ್ತ ಕಣ್ಣಿನಿಂದಲೇ ನಗುತ್ತದೆ. ಸುಣ್ಣವನ್ನು ಮಾತ್ರ ಹಿರಿಯರೇ ಬೆರೆಸಬೇಕು; ಅದು ಕಣ್ಣಿಗೆ ಬೀಳಬಾರದು. ಸೋಸಿದ ನೀರಿನಲ್ಲಿ ಬಣ್ಣ ಕಲಸಿ, ಹಗಲಿನಲ್ಲಿಯೇ ಬರೆದು ಮುಗಿಸಿ, ಹುಳುಹುಪ್ಪಟೆಗಳು ಬೀಳದಂತೆ ಬಟ್ಟಲನ್ನು ತೊಳೆದಿಟ್ಟರೆ, ಚಿತ್ರ ಮುಗಿಯುವಷ್ಟರಲ್ಲಿ ಅಜ್ಜಿಯ ಅರ್ಧ ಪಾಠ ಮಗುವಿಗೆ ಬಂದಿರುತ್ತದೆ.

ಅರಿಶಿನದ ಬಣ್ಣ ಬಿಸಿಲಿಗೆ ನಿಲ್ಲುವುದಿಲ್ಲ. ಕಿಟಕಿಯ ಬಳಿ ಇಟ್ಟ ಚಿತ್ರ ಬೇಗನೆ ಮಾಸುತ್ತದೆ. ಇದನ್ನು ಕುಂದೆಂದು ಎಣಿಸಬೇಕಾಗಿಲ್ಲ. ಹನ್ನೆರಡು ಅನುಪ್ರೇಕ್ಷೆಗಳಲ್ಲಿ ಮೊದಲನೆಯದು ಅನಿತ್ಯ. ಮಾಸಿದ ಹಳದಿಯನ್ನು ನೋಡಿ "ಅಜ್ಜಿಯ ಬಣ್ಣ ಹೋಯಿತು" ಎಂದು ಮಗು ಹೇಳಿದಾಗ, "ಬಣ್ಣ ಹೋಗುತ್ತದೆ, ಅಜ್ಜಿ ಮಾಡುತ್ತಿದ್ದುದನ್ನು ನೀನು ಮಾಡಬಹುದು" ಎಂದು ಉತ್ತರ ಕೊಡಲು ಅದಕ್ಕಿಂತ ತಕ್ಕ ಗಳಿಗೆ ದೊರೆಯದು.

ಆಕ್ಷೇಪಗಳು

ಇಷ್ಟಾದರೂ ಎರಡು ಆಕ್ಷೇಪಗಳು ಉಳಿಯುತ್ತವೆ. ಮೊದಲನೆಯದು: ಮಗು ಮರೆತು ಆಡಿಕೊಂಡಿರುವಾಗ ದುಃಖವನ್ನು ಕೆದಕುವುದೇಕೆ? ಇದರಲ್ಲಿ ಸತ್ಯಾಂಶವಿದೆ. ಮಗುವಿನ ಹೆಸರಿನಲ್ಲಿ ದೊಡ್ಡವರು ತಮ್ಮ ಅಳಲನ್ನು ತೀರಿಸಿಕೊಳ್ಳುವುದೂ ಉಂಟು. ಮಗು ಬರೆಯಲೊಲ್ಲದ ದಿನ ಬರೆಸುವುದು, ನೆಂಟರೆದುರು ಚಿತ್ರವನ್ನು ತೋರಿಸಿ ಅಳುವುದು, ಪ್ರತಿ ತಿಂಗಳೂ ಅದನ್ನೇ ಮಾಡಿಸುವುದು, ಇವೆಲ್ಲ ಆರ್ತಧ್ಯಾನದ ಅಭ್ಯಾಸಗಳೇ. ಆದರೆ ಮಗು ತಾನಾಗಿ ಕೇಳಿದಾಗ ಮಾತು ತಪ್ಪಿಸುವುದು ಮರೆವಲ್ಲ, ಅದು ಮೌನದ ಭಾರ. ಕೇಳಿದಾಗ ಕುಳಿತು ಬರೆಯುವುದು, ಎದ್ದಾಗ ಬಿಡುವುದು. ಇದು ಮಧ್ಯದ ದಾರಿ.

ಎರಡನೆಯದು: ಚಿತ್ರವು ಕ್ರಮೇಣ ಪೂಜೆಯ ವಸ್ತುವಾಗಿ ಮಿಥ್ಯಾತ್ವಕ್ಕೆ ಎಡೆಗೊಡದೇ? ಎಡೆಗೊಡಬಹುದು, ಆತಕೂರಿನ ಕಲ್ಲಿಗೂ ಅದೇ ಆಯಿತು. ಆದ್ದರಿಂದ ಆ ಕಾಗದಕ್ಕೆ ಹೂವೇರಿಸದಿರುವುದು, ದೀಪ ಇಡದಿರುವುದು, ಪೂಜೆಯ ಕೋಣೆಯಲ್ಲಿ ತೂಗುಹಾಕದಿರುವುದು ಅವಶ್ಯಕ. ಅದು ಮಗುವಿನ ಪುಸ್ತಕಗಳ ನಡುವೆ ಇರಲಿ. ಬಸದಿಯ ಟ್ರಸ್ಟುಗಳು ಪಾಠಶಾಲೆಯಲ್ಲಿ ಇದಕ್ಕೆ ಅವಕಾಶ ಕೊಡುವುದಾದರೆ ಸ್ಪರ್ಧೆ, ಬಹುಮಾನ, ದಾನಿಗಳ ಫಲಕಗಳಿಂದ ಅದನ್ನು ದೂರವಿಡಬೇಕು. ಅಗಲಿದ ಅಜ್ಜಿಯ ಚಿತ್ರಕ್ಕೆ ಮೊದಲನೆಯ ಬಹುಮಾನ ಬಂದಿತೆಂದರೆ, ಬಾರದ ಮಗುವಿನ ಅಜ್ಜಿ ಕಡಮೆಯವಳಾದಳೇ?

ಶ್ರೇಯಾಂಸನ ನೆನಪು

ಶ್ರೀಮತಿಯ ಕಥೆ ಧೂಪದ ಹೊಗೆಯಲ್ಲಿ ಮುಗಿಯುವುದಿಲ್ಲ. ಬದುಕಿದ್ದಾಗ ಆ ದಂಪತಿಗಳು ಕಾಡಿನ ಬೀಡಿನಲ್ಲಿ ಇಬ್ಬರು ಚಾರಣ ಮುನಿಗಳಿಗೆ ಭಕ್ತಿಯಿಂದ ಆಹಾರವನ್ನು ಕೊಟ್ಟಿದ್ದರು. ಆ ಮುನಿಗಳು ತಮ್ಮ ಮಕ್ಕಳೇ ಎಂಬುದು ಅವರಿಗೆ ತಿಳಿದದ್ದು ಆಮೇಲೆ. ಹಲವು ಭವಗಳು ಕಳೆದವು. ವಜ್ರಜಂಘನ ಜೀವವು ಆದಿತೀರ್ಥಂಕರನಾಗಿ ಹುಟ್ಟಿತು. ಶ್ರೀಮತಿಯ ಜೀವವು ಹಸ್ತಿನಾಪುರದಲ್ಲಿ ಶ್ರೇಯಾಂಸನಾಗಿ ಹುಟ್ಟಿತು. ದೀಕ್ಷೆಗೊಂಡ ಆದಿಮುನಿಯು ಒಂದು ವರ್ಷಕ್ಕೂ ಮೀರಿ ನಿರಾಹಾರನಾಗಿ ಸಂಚರಿಸುತ್ತಿದ್ದನು. ಮುನಿಗೆ ಹೇಗೆ ದಾನ ಕೊಡಬೇಕೆಂದು ಲೋಕಕ್ಕೆ ತಿಳಿದಿರಲಿಲ್ಲ. ಜನ ರತ್ನಗಳನ್ನು, ವಾಹನಗಳನ್ನು, ಕನ್ಯೆಯರನ್ನು ತಂದು ನಿಲ್ಲಿಸುತ್ತಿದ್ದರು. ಆ ಮುನಿರೂಪವನ್ನು ಕಂಡೊಡನೆ ಶ್ರೇಯಾಂಸನಿಗೆ ಕಾಡಿನ ಬೀಡು ನೆನಪಾಯಿತು. ಅವನು ಕಬ್ಬಿನ ಹಾಲನ್ನು ಅಂಗೈಗೆ ಎರೆದನು. ಅಕ್ಷಯ ತದಿಗೆಯ ದಿನವನ್ನು ಶ್ರಾವಕರು ಇಂದಿಗೂ ಆಚರಿಸುವುದು ಈ ನೆನಪಿನಿಂದ.

ಒಂದೇ ಜೀವಕ್ಕೆ ಎರಡು ಬಾರಿ ನೆನಪಾಯಿತು. ಮೊದಲ ಬಾರಿ ಅದು ಪ್ರಿಯನ ರೂಪವನ್ನು ನೆನೆದು ಅವನನ್ನೇ ಬಯಸಿತು. ಎರಡನೆಯ ಬಾರಿ ಆ ಪ್ರಿಯಜೀವವೇ ಎದುರಿಗೆ ಬಂದು ನಿಂತಿದ್ದರೂ ಅದನ್ನು ತನ್ನದೆಂದು ಹಿಡಿಯಲಿಲ್ಲ. ಒಟ್ಟಿಗೆ ಮಾಡಿದ್ದ ಒಳ್ಳೆಯ ಕೆಲಸವನ್ನು ನೆನೆದು ಅದನ್ನೇ ಮತ್ತೆ ಮಾಡಿತು. ಪಟದಿಂದ ದಾನದವರೆಗಿನ ಈ ನಡೆಯೇ ಸ್ಮರಣೆಯ ಧರ್ಮ. ಪಟವಿಲ್ಲದೆ ಶ್ರೀಮತಿಯಿಲ್ಲ, ಶ್ರೀಮತಿಯಿಲ್ಲದೆ ಶ್ರೇಯಾಂಸನಿಲ್ಲ. ಆದುದರಿಂದ ಮೋಹದ ಮೊದಲ ಚಿತ್ರವನ್ನು ಪುರಾಣವು ತಿರಸ್ಕರಿಸಲಿಲ್ಲ. ಅಲ್ಲಿಯೇ ನಿಲ್ಲಲೂ ಬಿಡಲಿಲ್ಲ.

ಹಲಗೂರಿನ ಆ ಮನೆಯ ಮಗು ಇಂದು ಅಜ್ಜಿಯನ್ನು ಬರೆಯಲಿ. ಕೊಡವನ್ನೂ ಬಟ್ಟೆಯನ್ನೂ ಬರೆಯಲಿ. ಬಣ್ಣ ಚೆಲ್ಲಲಿ, ಅಳಲಿ, ನಗಲಿ. ಬಟ್ಟಲು ತೊಳೆದಿಟ್ಟ ಮೇಲೆ ಮನೆಯವರು ನಿಜವಾದ ಕೊಡವನ್ನು ಮುಂದಿಟ್ಟು, ನಿಜವಾದ ಬಟ್ಟೆಯ ಒಂದು ತುದಿಯನ್ನು ಆ ಸಣ್ಣ ಕೈಗೆ ಕೊಡಲಿ. ನೀರು ಸೋಸಿ ಇಳಿಯುವಾಗ ಮಗು ಅಜ್ಜಿಯನ್ನು ನೆನೆಯುತ್ತದೆ. ನೆನೆಯುತ್ತಲೇ ನೀರಿನಲ್ಲಿರುವ ಕಣ್ಣಿಗೆ ಕಾಣದ ಜೀವಗಳನ್ನೂ ನೆನೆಯುತ್ತದೆ. ಕಾಗದದ ಚಿತ್ರ ಮಾಸಿದರೂ ಆ ಕೆಲಸ ಮನೆಯಲ್ಲಿ ಉಳಿದರೆ ಸ್ಮರಣೆ ಸಾರ್ಥಕ.